ಹುಡುಗಿಯರ ಬೈಸಿಕಲ್ಲಿನ ಹಲ್ಲುಗಳ ವಿಚಾರ



ಈ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಸ್ತ್ರೀವಿದ್ಯಾಭ್ಯಾಸವನ್ನೋ ಶಿಸ್ತನ್ನೋ ಕುರಿತ ಪ್ರಬಂಧವೊಂದನ್ನು ಅವರು ನಿರೀಕ್ಷಿಸಿದ್ದಿರಬೇಕು. ನಾನು ಬರೆಯಹೊರಟಿರುವುದಾದರೋ ಬೈಸಿಕಲ್ಲಿನ ವಿಚಾರ. ಅದರಲ್ಲಿಯೂ, ಒಂದೇ ಗತಿಯುಳ್ಳ ಸಾಧಾರಣ ಬೈಸಿಕಲ್ಲೊಂದನ್ನು ನಮ್ಮ ಹುಡುಗಿಯರಿಗಾಗಿ ಕಟ್ಟಿಸುವಾಗ ಅದರ ಮುಂದಿನ ಚೈನ್‌ವೀಲಿಗೆ ಎಷ್ಟು ಹಲ್ಲು, ಹಿಂದಿನ ಫ್ರೀವೀಲಿಗೆ ಎಷ್ಟು ಹಲ್ಲು ಇರತಕ್ಕದ್ದೆಂಬ ವಿಚಾರ. ಇದು ಸೈಕಲ್ ಷಾಪಿನವರಿಗೆ ಬಿಡತಕ್ಕ ಮಾತೆಂದು ತಾವು ನಗಬಹುದು. ನಾನೂ ಹಾಗೆಯೇ ಎಣಿಸಿದ್ದೆನು. ಹಾಗೆ ಎಣಿಸಿದ್ದರಿಂದ ನಮ್ಮ ಶಾಲೆಯ ಒಬ್ಬ ಹುಡುಗಿಯು ಐದು ತಿಂಗಳ ಕಾಲ ಪಟ್ಟ ಕಷ್ಟವನ್ನು ಕಂಡ ಮೇಲೆ ನನ್ನ ಅಭಿಪ್ರಾಯವು ಬದಲಾಯಿತು.

ನಮ್ಮ ಸೀಮೆಯ ನೆಲದ ಗುಣವು ತಮಗೆ ತಿಳಿದೇ ಇದೆ. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಊಟಿಯ ದಾರಿ ಹಿಡಿದರೆ ಹಂಗಳ ಸಿಕ್ಕುವುದು. ಅಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. 1454 ಮೀಟರು ಎತ್ತರದ ಆ ಬೆಟ್ಟವು ಮಂಜಿನ ಮುಸುಕು ಹೊದ್ದು ನಿಂತಿರುವುದನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆಯುತ್ತಾರೆ. ಆ ದಿಕ್ಕಿಗೆ ನೆಲವು ಮೆಲ್ಲಮೆಲ್ಲನೆ ಏರುತ್ತ ಹೋಗುತ್ತದೆ. ಮೋಟಾರಿನಲ್ಲಿ ಕುಳಿತವರಿಗೆ ಆ ಏರು ಕಣ್ಣಿಗೂ ಬೀಳುವುದಿಲ್ಲ. ಕಾಲಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆದುದರಿಂದ ಆ ಕಡೆಯ ಹಳ್ಳಿಗಳ ಹುಡುಗಿಯರಿಗೆ ಬೆಳಿಗ್ಗೆ ಶಾಲೆಗೆ ಬರುವಾಗ ಇಳಿಜಾರು, ಸಂಜೆ ದಣಿದು ಮನೆಗೆ ಹೋಗುವಾಗ ಏರು. ಆಷಾಢ ಶ್ರಾವಣಗಳಲ್ಲಿ ಪಡುವಣ ಗಾಳಿಯು ಎದುರಿಗೇ ಬೀಸುತ್ತದೆ. ಕಾರ್ತಿಕ ಮಾಸ ಬಂದಿತೆಂದರೆ ಗಾಳಿ ತಗ್ಗಿದರೂ ಆರು ಗಂಟೆಗೆ ಮುಂಚೆಯೇ ಸೂರ್ಯನು ಮುಳುಗುತ್ತಾನೆ. ಬಂಡೀಪುರದ ಕಾಡಿನ ಅಂಚಿನ ಹೊಲಗಳಿಗೆ ಆನೆಗಳು ಇಳಿಯುವುದು ಆ ಹೊತ್ತಿನಲ್ಲಿಯೇ. ಮೃಗಗಳ ಸಂಚಾರದ ನಿಮಿತ್ತ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ತಡೆಯುವ ಕಟ್ಟಳೆಯು 2009ರಲ್ಲಿ ಬಂದಿತು. ಮೋಟಾರುಗಳಿಗೇ ಹೀಗಿರುವಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ಒಂಟಿಯಾಗಿ ಹೋಗುವ ಹುಡುಗಿಯ ಪಾಡನ್ನು ಊಹಿಸಬಹುದು.

ನಾನು ಹೇಳುವ ಹುಡುಗಿಯು 10ನೆಯ ತರಗತಿಯವಳು. ಹಂಗಳದಿಂದಾಚೆಗೆ, ಬೆಟ್ಟದ ಕಡೆಯವಳು. ಶಾಲೆಗೂ ಅವಳ ಮನೆಗೂ 12 ಕಿಲೋಮೀಟರು. ಕೊಡುಗೆಯಾಗಿ ಬಂದ ಹಳೆಯ ಸಾಮಾನುಗಳಿಂದ ಅವಳಿಗೊಂದು ಬೈಸಿಕಲ್ಲನ್ನು ಕಟ್ಟಿಸಿಕೊಟ್ಟವಳು ನಾನೇ. ಆಗ ಮುಂದಿನ ಚೈನ್‌ವೀಲು ಎರಡಿದ್ದವು: 44 ಹಲ್ಲಿನದೊಂದು, 48 ಹಲ್ಲಿನದೊಂದು. ದೊಡ್ಡದಾದರೆ ಬೇಗ ಹೋಗಬಹುದು, ದೂರದ ಹುಡುಗಿಗೆ ಅದೇ ಇರಲಿ ಎಂದು 48ರದ್ದನ್ನೇ ಹಾಕಿಸಿದೆನು. ಹಿಂದೆ ಎಂದಿನಂತೆ 18 ಹಲ್ಲಿನ ಫ್ರೀವೀಲು. ಹೊಸ ಬಣ್ಣ ಬಳಿದು ಕೊಟ್ಟಾಗ ಅವಳೂ ಸಂತೋಷಪಟ್ಟಳು, ನಾನೂ ಸಂತೋಷಪಟ್ಟೆನು.

ಜುಲೈ ತಿಂಗಳಿನಿಂದ ಅವಳು ಸಂಜೆಯ ವಿಶೇಷ ತರಗತಿಯನ್ನು ತಪ್ಪಿಸತೊಡಗಿದಳು. ಗಣಿತದಲ್ಲಿ ಹಿಂದುಳಿದಿದ್ದ ಹುಡುಗಿ. ನಾನು ಎರಡು ಸಾರಿ ಎಚ್ಚರಿಕೆ ಹೇಳಿ, ಮೂರನೆಯ ಸಾರಿ ಎಲ್ಲರ ಮುಂದೆ ಗದರಿಸಿದೆನು. ಆಗಲೂ ಅವಳು ಮಾತಾಡಲಿಲ್ಲ. ನವೆಂಬರಿನಲ್ಲಿ ಒಂದು ದಿನ ಕಚೇರಿಯ ಬಾಗಿಲಲ್ಲಿ ನಿಂತು, ತಲೆ ತಗ್ಗಿಸಿಕೊಂಡು ಹೇಳಿದಳು: “ಮಿಸ್, ಸ್ಪೆಷಲ್ ಕ್ಲಾಸ್ ಮುಗಿಸ್ಕೊಂಡು ಹೊಂಟ್ರೆ ಕತ್ಲಾಯ್ತದೆ. ಏರಲ್ಲಿ ತುಳಿಯಕ್ಕಾಗಲ್ಲ, ತಳ್ಕೊಂಡೇ ಹೋಗ್ಬೇಕು. ಸ್ಕೂಲೇ ಬುಟ್ಬುಡು ಅಂತಾಳೆ ಅವ್ವ.”

ಆ ಶನಿವಾರ ಮಧ್ಯಾಹ್ನ ನಾನೇ ಆ ಬೈಸಿಕಲ್ಲನ್ನು ಹತ್ತಿ ಹಂಗಳದ ದಾರಿಯಲ್ಲಿ ಹೊರಟೆನು. ಉಪಾಧ್ಯಾಯಿನಿಯರ ತರಬೇತಿಯ ದಿನಗಳಿಂದಲೂ ನನಗೆ ಬೈಸಿಕಲ್ ಸವಾರಿಯ ಅಭ್ಯಾಸವುಂಟು. ಸಮನೆಲದಲ್ಲಿ ಸೊಗಸಾಗಿಯೇ ಓಡಿತು. ಮೊದಲನೆಯ ಒಳ್ಳೆಯ ಏರಿನಲ್ಲಿ, ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಿರುವಾಗಲೇ, ಮುಖ್ಯೋಪಾಧ್ಯಾಯಿನಿಯು ಕೆಳಗಿಳಿದು ತಳ್ಳಬೇಕಾಯಿತು. ತಪ್ಪು ಹುಡುಗಿಯದಲ್ಲ, ಹಲ್ಲುಗಳದು. ಆ ಹಲ್ಲುಗಳನ್ನು ಆರಿಸಿದವಳದು.

ಈಗ ಹಲ್ಲುಗಳ ಲೆಕ್ಕವನ್ನು ವಿವರಿಸುವೆನು. 6ನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದೇನೂ ಇದಕ್ಕೆ ಬೇಕಾಗಿಲ್ಲ.

ಪೆಡಲನ್ನು ಒಂದು ಪೂರ್ತಿ ಸುತ್ತು ತುಳಿದರೆ ಚೈನ್‌ವೀಲೂ ಒಂದು ಸುತ್ತು ತಿರುಗುತ್ತದೆ. ಅದಕ್ಕೆ 44 ಹಲ್ಲುಗಳಿದ್ದರೆ ಚೈನಿನ 44 ಕೊಂಡಿಗಳನ್ನು ಅದು ಎಳೆದುಕೊಳ್ಳುತ್ತದೆ. ಆ 44 ಕೊಂಡಿಗಳೂ ಹಿಂದಿನ ಫ್ರೀವೀಲಿನ ಮೇಲಿಂದಲೇ ಬರಬೇಕು. ಫ್ರೀವೀಲಿಗೆ 22 ಹಲ್ಲುಗಳಿದ್ದರೆ ಅದು ಸರಿಯಾಗಿ 2 ಸುತ್ತು ತಿರುಗುವುದು. 18 ಇದ್ದರೆ 44ನ್ನು 18ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 2.44 ಸುತ್ತು. ಫ್ರೀವೀಲಿನೊಡನೆ ಹಿಂದಿನ ಗಾಲಿಯೂ ಅಷ್ಟೇ ಸುತ್ತು ತಿರುಗುತ್ತದೆ. ಒಂದು ತುಳಿತಕ್ಕೆ ಗಾಲಿ ಹೆಚ್ಚು ಸುತ್ತು ತಿರುಗಿದರೆ ಹೆಚ್ಚು ದೂರ ಸಾಗುತ್ತೇವೆ. ಆ ಹೆಚ್ಚಿನ ದೂರದ ಕೆಲಸವನ್ನೆಲ್ಲ ಕಾಲು ಅದೇ ಒಂದು ತುಳಿತದಲ್ಲಿ ಮಾಡಿ ಮುಗಿಸಬೇಕಾದುದರಿಂದ ಭಾರವೂ ಹೆಚ್ಚುತ್ತದೆ. ಆದುದರಿಂದ ಮುಂದೆ ಹಲ್ಲು ಹೆಚ್ಚಾದರೆ ತುಳಿತವು ಭಾರ. ಹಿಂದೆ ಹಲ್ಲು ಹೆಚ್ಚಾದರೆ ತುಳಿತವು ಹಗುರ. ಈ ಎರಡನೆಯ ಮಾತನ್ನು ಓದಿದವರೂ ತಲೆಕೆಳಗಾಗಿ ತಿಳಿದಿರುವುದನ್ನು ನಾನು ಎಷ್ಟೋ ಸಾರಿ ಕಂಡಿದ್ದೇನೆ.

ಈ ಲೆಕ್ಕವನ್ನು ಅಂಗುಲಗಳಲ್ಲಿ ಹೇಳುವ ಹಳೆಯ ರೂಢಿಯೊಂದಿದೆ. ಅದರ ಮೂಲವು ಸ್ವಾರಸ್ಯವಾಗಿದೆ. ಚೈನು ಬರುವುದಕ್ಕೆ ಮೊದಲಿನ ಬೈಸಿಕಲ್ಲುಗಳಲ್ಲಿ ಪೆಡಲುಗಳು ಮುಂದಿನ ಗಾಲಿಯ ನಡುವಿಗೇ ಕೂಡಿಕೊಂಡಿದ್ದವು. ಒಂದು ತುಳಿತಕ್ಕೆ ಒಂದೇ ಸುತ್ತು. ವೇಗ ಬೇಕಾದರೆ ಗಾಲಿಯನ್ನೇ ದೊಡ್ಡದು ಮಾಡಬೇಕಾಗಿತ್ತು. ಹಾಗಾಗಿ ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಆ ವಿಚಿತ್ರ ವಾಹನಗಳು ಹುಟ್ಟಿದವು. ಸವಾರನ ಕಾಲಿಗೆ ಎಟಕುವುದಕ್ಕಿಂತ ದೊಡ್ಡ ಗಾಲಿಯನ್ನು ಹಾಕುವಂತಿರಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬವರ ರೋವರ್ ಬೈಸಿಕಲ್ಲು ಹಿಂದಿನ ಗಾಲಿಗೆ ಚೈನು ಜೋಡಿಸಿ ಈ ತೊಡಕನ್ನು ನೀಗಿಸಿತು. ಮೂರು ವರ್ಷಗಳಲ್ಲಿ, 1888ರಲ್ಲಿ, ಡನ್‌ಲಪ್ಪರ ಗಾಳಿ ತುಂಬಿದ ಟೈರೂ ಬಂದಿತು. ಗಾಲಿಗಳು ತಗ್ಗಾದವು, ನೆಲಕ್ಕೆ ಕಾಲು ಎಟಕುವಂತಾದ ಮೇಲೆಯೇ ಹೆಂಗಸರು ಬೈಸಿಕಲ್ಲನ್ನು ಧಾರಾಳವಾಗಿ ಹತ್ತುವಂತಾಯಿತು. ಅಳತೆಯ ಮಾತು ಮಾತ್ರ ಹಳೆಯದೇ ಉಳಿಯಿತು: ಈ ಚೈನಿನ ಬೈಸಿಕಲ್ಲು ಎಷ್ಟು ಅಂಗುಲದ ದೊಡ್ಡ ಗಾಲಿಗೆ ಸಮ ಎಂದು ಕೇಳುವುದು. ಮುಂದಿನ ಹಲ್ಲುಗಳನ್ನು ಹಿಂದಿನ ಹಲ್ಲುಗಳಿಂದ ಭಾಗಿಸಿ, ಗಾಲಿಯ ಅಡ್ಡಳತೆಯ ಅಂಗುಲಗಳಿಂದ ಗುಣಿಸಿದರೆ ಉತ್ತರವು ಬರುತ್ತದೆ.

ನಮ್ಮ ಊರುಗಳ ದೊಡ್ಡ ಬೈಸಿಕಲ್ಲಿನ ಗಾಲಿಯು 28 ಅಂಗುಲದ್ದು. ಮುಂದೆ 44, ಹಿಂದೆ 22 ಇದ್ದರೆ 56 ಅಂಗುಲ. 44ಕ್ಕೆ 20 ಆದರೆ 61.6, 44ಕ್ಕೆ 18 ಆದರೆ ಸುಮಾರು 68. ನಾನು ಕಟ್ಟಿಸಿಕೊಟ್ಟಿದ್ದ 48ಕ್ಕೆ 18ರ ಜೋಡಿಯೋ, 74 ಅಂಗುಲವನ್ನೂ ಮೀರುತ್ತದೆ. ಅಷ್ಟು ದೊಡ್ಡ ಗಾಲಿಯ ಮೇಲೆ ಕುಳಿತು ಪೆಡಲನ್ನು ಮುಟ್ಟಬಲ್ಲ ಕಾಲುಳ್ಳ ಮನುಷ್ಯನು ಆ ಕಾಲದ ಇಂಗ್ಲೆಂಡಿನಲ್ಲಿ ಇರಲಿಲ್ಲ. 1884ರಿಂದ 1886ರವರೆಗೆ ಥಾಮಸ್ ಸ್ಟೀವನ್ಸ್ ಎಂಬವನು ಬೈಸಿಕಲ್ಲಿನ ಮೇಲೆ ಪ್ರಪಂಚವನ್ನು ಸುತ್ತಿದನು; ನಮ್ಮ ದೇಶದಲ್ಲಿಯೂ ಲಾಹೋರಿನ ಕಡೆಯಿಂದ ಕಲ್ಕತ್ತೆಯವರೆಗೆ ಸವಾರಿ ಮಾಡಿದನು. ಅವನ ಗಾಲಿಯು 50 ಅಂಗುಲದ್ದು. ಪ್ರಪಂಚ ಸುತ್ತಿದವನಿಗೆ 50 ಅಂಗುಲ ಸಾಕಾಗಿದ್ದಲ್ಲಿ, ಪುಸ್ತಕದ ಚೀಲ ಹೊತ್ತ ಹದಿನೈದರ ಹುಡುಗಿಗೆ ನಾನು 74 ಅಂಗುಲವನ್ನು ಕೊಟ್ಟಿದ್ದೆನು.

ಒಂದು ತುಳಿತಕ್ಕೆ ಸಾಗುವ ದೂರ ಬೇಕಾದರೆ ಆ ಅಂಗುಲಗಳನ್ನು 22/7ರಿಂದ ಗುಣಿಸಿರಿ. 74.7 ಅಂಗುಲಕ್ಕೆ ಸುಮಾರು 5.96 ಮೀಟರು, 68.4ಕ್ಕೆ 5.46, 56ಕ್ಕೆ 4.47 ಮೀಟರು. ನಮ್ಮ 8ನೆಯ ತರಗತಿಯವರು ಇದನ್ನು ಶಾಲೆಯ ಅಂಗಳದಲ್ಲಿ ಪರೀಕ್ಷಿಸಿದರು. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಒಬ್ಬಳನ್ನು ಕೂರಿಸಿ, ಪೆಡಲು ಒಂದು ಸುತ್ತು ಬರುವವರೆಗೆ ಮೆಲ್ಲನೆ ನಡೆಸಿ, ಟೇಪು ಹಿಡಿದು ಅಳೆದರು. ಲೆಕ್ಕಕ್ಕಿಂತ ಅಳತೆಯು ನಾಲ್ಕೈದು ಸೆಂಟಿಮೀಟರು ಕಡಿಮೆ ಬಂದುದು ಏಕೆಂದು ಕೇಳಿದಾಗ, ಕುಳಿತವಳ ಭಾರಕ್ಕೆ ಟೈರು ತಗ್ಗಿತೆಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಹೇಳಿದಳು. ಆ ಉತ್ತರವು ಪಠ್ಯಪುಸ್ತಕದಲ್ಲಿಲ್ಲ.

ಇನ್ನು ಕಾಲಿನ ಭಾರದ ಲೆಕ್ಕ. 40 ಕಿಲೋಗ್ರಾಂ ತೂಕದ ಹುಡುಗಿ, 20 ಕಿಲೋಗ್ರಾಮಿನ ಬೈಸಿಕಲ್ಲು, 5 ಕಿಲೋಗ್ರಾಮಿನ ಚೀಲ, ಒಟ್ಟು 65. ಇಪ್ಪತ್ತು ಅಡಿ ಸಾಗಿದರೆ ಒಂದು ಅಡಿ ಏರುವ ದಾರಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲು, ಎಂದರೆ ಮೂರೂಕಾಲು ಕಿಲೋಗ್ರಾಮಿನಷ್ಟು ಬಲವು ಹಿಂದಕ್ಕೆಳೆಯುತ್ತದೆ. ಟೈರಿನ ಉಜ್ಜುವಿಕೆ ಮೊದಲಾದುವಕ್ಕೆ ಇನ್ನೊಂದಿಷ್ಟು ಸೇರಿಸಿ 3.9 ಎಂದಿಟ್ಟುಕೊಳ್ಳೋಣ. ಆರೂವರೆ ಅಂಗುಲದ ಕ್ರ್ಯಾಂಕಿನ ತುದಿಯಲ್ಲಿರುವ ಪೆಡಲು ಒಂದು ಸುತ್ತಿಗೆ ಕ್ರಮಿಸುವುದು ಒಂದು ಮೀಟರಿಗೆ ತುಸು ಹೆಚ್ಚು. ಅಷ್ಟರಲ್ಲಿ ಬೈಸಿಕಲ್ಲು 5.96 ಮೀಟರು ಹೋಗಬೇಕಾದರೆ ಕಾಲು ಸರಾಸರಿ 22 ಕಿಲೋಗ್ರಾಮಿಗೂ ಮಿಕ್ಕ ಬಲವನ್ನು ಒತ್ತಬೇಕು. ಸರಾಸರಿಯ ಮಾತಿಗೆ ನಾವು ಮೋಸಹೋಗಕೂಡದು. ಪೆಡಲು ತೀರ ಮೇಲೆ, ತೀರ ಕೆಳಗೆ ಇರುವಾಗ ಒತ್ತಿದರೂ ಏನೂ ನಡೆಯದು. ಕೆಲಸವೆಲ್ಲ ನಡುವಿನಲ್ಲಿಯೇ ಆಗಬೇಕಾದುದರಿಂದ ಅಲ್ಲಿ ಬಲವು ಸರಾಸರಿಯ ಒಂದೂವರೆ ಪಟ್ಟನ್ನೂ ಮೀರುತ್ತದೆ. ಆ ಪ್ರಕಾರ 35 ಕಿಲೋಗ್ರಾಂ ಆಯಿತು. 40 ಕಿಲೋಗ್ರಾಮಿನ ಹುಡುಗಿಯು ಪ್ರತಿಯೊಂದು ಅರ್ಧ ಸುತ್ತಿಗೂ ತನ್ನ ಮೈಭಾರವನ್ನೆಲ್ಲ ಹೆಚ್ಚು ಕಡಿಮೆ ಒಂದೇ ಕಾಲಿನ ಮೇಲೆ ಹಾಕಬೇಕು! 44ಕ್ಕೆ 22ರ ಜೋಡಿಯಲ್ಲಿ ಅದೇ ಏರಿಗೆ 26 ಕಿಲೋಗ್ರಾಂ ಸಾಕು. ಸೀಟಿನ ಮೇಲೆ ಕುಳಿತೇ ಅದನ್ನು ಒತ್ತಬಹುದು.

ಬೆಟ್ಟದ ಮೇಲಿನ ದಾರಿಯಂತಹ ಕಡಿದಾದ ಏರಿಗೆ ಇದೂ ಸಾಲದು. ಹತ್ತಕ್ಕೆ ಒಂದರ ಏರಾದರೆ 22 ಹಲ್ಲಿನ ಫ್ರೀವೀಲಿದ್ದರೂ ಆ ಹುಡುಗಿಯ ತೂಕಕ್ಕಿಂತ ಹೆಚ್ಚಿನ ಬಲ ಬೇಕಾಗುವುದೆಂದು ಲೆಕ್ಕವು ತೋರಿಸುತ್ತದೆ. ಅದರ ಯೋಚನೆ ನಮಗೆ ಬೇಕಾಗಿಲ್ಲ. ಬೆಟ್ಟದ ಬುಡದಿಂದ ಮೇಲಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ, ಸಾರಿಗೆ ಸಂಸ್ಥೆಯ ಬಸ್ಸುಗಳೇ ಹೋಗಿಬರುತ್ತವೆ. ಒಂದೇ ಗತಿಯ ಬೈಸಿಕಲ್ಲು ಮನೆಯ ದಾರಿಗೆ ಒದಗಿದರೆ ಸಾಕು.

ಹಾಗಾದರೆ ಹಲವು ಗತಿಗಳ ಗೇರ್ ಸೈಕಲ್ಲನ್ನೇ ಏಕೆ ಕೊಡಿಸಬಾರದೆಂದು ಅನೇಕ ತಂದೆಗಳು ಕೇಳಿದ್ದಾರೆ. ಅನುಕೂಲವುಳ್ಳವರು ಕೊಡಿಸಲಿ, ಬೇಡವೆನ್ನುವುದಿಲ್ಲ. ಆದರೆ ಅದರ ತಂತಿ, ಬುಗುರಿ, ಸಪೂರ ಚೈನುಗಳು ನಮ್ಮ ಕೆಮ್ಮಣ್ಣಿನ ಧೂಳಿಗೂ ಮಳೆಗೂ ಬೇಗ ಕೆಡುತ್ತವೆ. ಕೆಟ್ಟರೆ ಹಳ್ಳಿಯ ಷಾಪಿನಲ್ಲಿ ಬಿಡಿಭಾಗಗಳು ದೊರೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಆ ಬೈಸಿಕಲ್ಲುಗಳಿಗೆ ಪೂರ್ತಿ ಮುಚ್ಚುವ ಚೈನ್ ಕವರು ಸಾಮಾನ್ಯವಾಗಿ ಇರುವುದಿಲ್ಲ. ದುಪಟ್ಟದ ಅಂಚೋ ಲಂಗದ ಅಂಚೋ ಚೈನಿಗೆ ಸಿಕ್ಕಿ ಬಿದ್ದ ಹುಡುಗಿಯರ ಮೊಣಕಾಲುಗಳಿಗೆ ನಾನು ಎಷ್ಟೋ ಸಾರಿ ಔಷಧ ಹಚ್ಚಿದ್ದೇನೆ. ರಾಜ್ಯ ಸರ್ಕಾರವು 2006-07ನೆಯ ಸಾಲಿನಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಲಾರಂಭಿಸಿದ ಬೈಸಿಕಲ್ಲುಗಳೂ ಒಂದೇ ಗತಿಯವೇ ಆಗಿದ್ದವು. ಓದು ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಈಗ ಹಿತ್ತಲುಗಳಲ್ಲಿ ತುಕ್ಕು ಹಿಡಿಯುತ್ತಿವೆ. ತುಕ್ಕು ಮೇಲುಮೇಲಿನದಾಗಿದ್ದರೆ ಅಂತಹ ಫ್ರೇಮುಗಳಿಂದ ಒಳ್ಳೆಯ ಬೈಸಿಕಲ್ಲನ್ನು ಕಟ್ಟಬಹುದು.

ಕಟ್ಟಿಸಲು ಹೊರಟವರು ಮೊದಲು ನೋಡತಕ್ಕದ್ದು ಫ್ರೇಮು. ಕೊಳವೆಗಳು ಕೂಡುವೆಡೆಗಳಲ್ಲಿ ಬಿರುಕಿದ್ದರೆ ಅದನ್ನು ಬಿಟ್ಟುಬಿಡಬೇಕು. ಬೆಸುಗೆ ಹಾಕಿಸಿ ಮಗಳನ್ನು ಕೂರಿಸಬಾರದು. ಹಿಂದಿನ ಗಾಲಿಯ ಆಕ್ಸಲು ಕೂರುವ ಕಚ್ಚು ಉದ್ದವಾಗಿರಬೇಕು, ಏಕೆಂದರೆ ಚೈನಿನ ಬಿಗಿತವನ್ನು ಸರಿಮಾಡುವುದು ಗಾಲಿಯನ್ನು ಆ ಕಚ್ಚಿನಲ್ಲಿ ಹಿಂದಕ್ಕೆ ಮುಂದಕ್ಕೆ ಸರಿಸಿಯೇ. ಹುಡುಗಿಯರಿಗೆ ಅಡ್ಡಕೊಳವೆಯಿಲ್ಲದ ಲೇಡೀಸ್ ಫ್ರೇಮೇ ಆಗಬೇಕೆಂಬ ಹಟ ನನಗಿಲ್ಲ. 1990ರ ದಶಕದ ಮೊದಲಿನಲ್ಲಿ ತಮಿಳುನಾಡಿನ ಪುದುಕ್ಕೋಟೆ ಜಿಲ್ಲೆಯಲ್ಲಿ, ಷೀಲಾರಾಣಿ ಚುಂಕತ್ ಅವರು ಕಲೆಕ್ಟರರಾಗಿದ್ದಾಗ, ಅಕ್ಷರ ಕಲಿಯುವುದರ ಜೊತೆಗೆ ಬೈಸಿಕಲ್ಲನ್ನೂ ಕಲಿತ ಸಾವಿರಾರು ಹಳ್ಳಿಯ ಹೆಂಗಸರಲ್ಲಿ ಅನೇಕರು ಗಂಡಸರ ಬೈಸಿಕಲ್ಲನ್ನೇ ಏರಿದರು. ಆದರೂ ನಮ್ಮ ಮಕ್ಕಳ ಉಡುಪಿಗೆ ಲೇಡೀಸ್ ಫ್ರೇಮು ಅನುಕೂಲ. ಸೀಟಿನ ಎತ್ತರವು ಹೇಗಿರಬೇಕೆಂದರೆ, ಪೆಡಲು ತೀರ ಕೆಳಗಿರುವಾಗ ಮೊಣಕಾಲು ತುಸುವೇ ಮಡಿದಿರಬೇಕು. ಬೀಳುವ ಭಯಕ್ಕೆ ಸೀಟನ್ನು ತೀರ ಇಳಿಸಿದರೆ ಹಲ್ಲುಗಳನ್ನು ಎಷ್ಟು ಹಗುರ ಮಾಡಿದರೂ ಮಂಡಿ ನೋಯುತ್ತದೆ. 26 ಅಂಗುಲದ ಗಾಲಿಯ ಲೇಡೀಸ್ ಬೈಸಿಕಲ್ಲಾದರೆ ಹಲ್ಲುಗಳು ಅವೇ ಇದ್ದರೂ ತುಳಿತವು ಸ್ವಲ್ಪ ಹಗುರವೆಂಬುದು ನೆನಪಿರಲಿ: 44ಕ್ಕೆ 18 ಇರುವಲ್ಲಿ 68ಕ್ಕೆ ಬದಲು ಸುಮಾರು 64 ಅಂಗುಲ.

ಹಲ್ಲುಗಳನ್ನು ಬದಲಾಯಿಸಬೇಕಾದಾಗ ಫ್ರೀವೀಲನ್ನು ಬದಲಾಯಿಸುವುದೇ ಅಗ್ಗ. ಮುಂದಿನ ಚೈನ್‌ವೀಲು ಬಲಗಡೆಯ ಕ್ರ್ಯಾಂಕಿಗೆ ಸೇರಿಕೊಂಡೇ ಇರುತ್ತದೆ; ಅದನ್ನು ತೆಗೆಯಬೇಕಾದರೆ ಕಾಟರ್ ಪಿನ್ನನ್ನು ಹೊಡೆದು ಕ್ರ್ಯಾಂಕನ್ನೇ ಬಿಚ್ಚಬೇಕು. ಫ್ರೀವೀಲಾದರೋ ಹಬ್ಬಿನ ತಿರುಪಿನಿಂದ ಬಿಚ್ಚಿಬರುತ್ತದೆ. 18, 20, 22 ಹಲ್ಲಿನವು ಅದೇ ತಿರುಪಿಗೆ ಕೂರುತ್ತವೆ. ಹಲ್ಲು ಹೆಚ್ಚಿದರೆ ಚೈನೂ ಉದ್ದವಾಗಬೇಕು. ಚೈನಿನ ಪ್ರತಿ ಕೊಂಡಿಯೂ ಅರ್ಧ ಅಂಗುಲ. ನಾಲ್ಕು ಹಲ್ಲು ಹೆಚ್ಚಿಸಿದರೆ ಎರಡು ಕೊಂಡಿ, ಎಂದರೆ ಒಂದು ಅಂಗುಲ ಹೆಚ್ಚು ಬೇಕು. ಎರಡೇ ಹಲ್ಲು ಹೆಚ್ಚಿಸಿದರೆ ಒಂದು ಕೊಂಡಿ ಬೇಕಾಗುವುದು. ಆದರೆ ಕೊಂಡಿಗಳು ಒಳಗಿನದೊಂದು ಹೊರಗಿನದೊಂದು ಜೊತೆಜೊತೆಯಾಗಿರುವುದರಿಂದ ಒಂದನ್ನೇ ಸೇರಿಸುವಂತಿಲ್ಲ. ಆಗ ಗಾಲಿಯನ್ನು ಕಾಲು ಅಂಗುಲ ಮುಂದಕ್ಕೆ ಸರಿಸಿದರೆ ಸರಿಹೋಗುವುದು. ಬಿಗಿ ಮಾಡಿದ ಮೇಲೆ ಕೆಳಗಿನ ಚೈನನ್ನು ನಡುವೆ ಬೆರಳಿನಿಂದ ಎತ್ತಿದರೆ ಅರ್ಧ ಅಂಗುಲದಷ್ಟು ಆಡಬೇಕು. ಹಳೆಯ ಚೈನು ಸವೆದಿದೆಯೇ ಎಂದು ತಿಳಿಯಲು ಮಕ್ಕಳ ಅಡಿಕೋಲು ಸಾಕು: 24 ಕೊಂಡಿಗಳು ಸರಿಯಾಗಿ 12 ಅಂಗುಲ ಇರಬೇಕು, ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಹೆಚ್ಚಿಗೆ ಬಂದರೆ ಆ ಚೈನು ಹೊಸ ಫ್ರೀವೀಲಿನ ಹಲ್ಲುಗಳನ್ನೂ ಹಾಳುಮಾಡುತ್ತದೆ.

ಬ್ರೇಕಿನ ವಿಷಯವಾಗಿ ಒಂದು ಮಾತು. ಬೆಳಿಗ್ಗೆ ಇಳಿಜಾರಿನಲ್ಲಿ ಬರುವ ಹುಡುಗಿಗೆ ಹಲ್ಲುಗಳಿಗಿಂತ ಬ್ರೇಕು ಮುಖ್ಯ. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ಬ್ರೇಕು ಅರ್ಧಕ್ಕರ್ಧ ಹಿಡಿಯುವುದಿಲ್ಲ. ರಬ್ಬರಿನ ತುಂಡುಗಳನ್ನು ಪ್ರತಿ ಮಳೆಗಾಲಕ್ಕೆ ಮೊದಲು ಬದಲಾಯಿಸುವುದನ್ನು ಯಾವ ತಂದೆಯೂ ಮರೆಯಬಾರದು.

ನಮ್ಮ ಹುಡುಗಿಯ ಬೈಸಿಕಲ್ಲಿಗೆ ಬರುತ್ತೇನೆ. ಊರಿನ ವಯಸ್ಸಾದ ಸೈಕಲ್ ಷಾಪಿನವರೊಬ್ಬರಿಗೆ ಅದನ್ನು ತೋರಿಸಿದಾಗ ಅವರು ಹಲ್ಲುಗಳನ್ನು ಎಣಿಸಲೂ ಇಲ್ಲ. ಗಾಲಿಯನ್ನು ಎತ್ತಿ ಪೆಡಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, “ಹೆಣ್ಮಗೀಗೆ ಇದ್ಯಾಕ್ ಮೇಡಮ್ಮೋರೆ? ಹಾಲಿನ್ ಕ್ಯಾನ್ ಹಾಕೋ ಗಂಡಾಳೂ ಈ ಏರಲ್ಲಿ ಇದನ್ನ ತುಳಿಯಕಿಲ್ಲ” ಎಂದರು. ನಾನು ಎರಡು ಸಂಜೆ ಕಾಗದದ ಮೇಲೆ ಮಾಡಿದ ಲೆಕ್ಕವು ಅವರ ಕೈಯಲ್ಲಿತ್ತು. ಅವರೇ ಮುಂದಿನದನ್ನು 44ಕ್ಕೆ ಇಳಿಸಿ, 18, 20, 22ರ ಮೂರು ಫ್ರೀವೀಲುಗಳನ್ನು ಒಂದೊಂದು ವಾರ ಪರೀಕ್ಷಿಸಿ ನೋಡಿರೆಂದು ಕೊಟ್ಟರು. ಮೂರನ್ನೂ ಕೊಂಡುಕೊಳ್ಳಬೇಕೆಂದು ಹೇಳಲಿಲ್ಲ.

18 ಹಾಕಿದ ವಾರ ಅವಳು ದೊಡ್ಡ ಏರುಗಳಲ್ಲಿ ಇಳಿದಳು. 20ರಲ್ಲಿ ಇಳಿದದ್ದು ಒಂದೇ ಕಡೆ. 22ರಲ್ಲಿ ಮನೆಯವರೆಗೂ ಇಳಿಯಲಿಲ್ಲ. ಬೆಳಗಿನ ಇಳಿಜಾರಿನಲ್ಲಿ ಮಾತ್ರ ಕಾಲುಗಳು ಬರಿದೆ ತಿರುಗಿದಂತಾಗುತ್ತದೆಂದು ಅವಳು ದೂರಿದಳು. ಅದು ನಿಜವೇ. 56 ಅಂಗುಲದಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 16 ಕಿಲೋಮೀಟರು; 90 ಸುತ್ತಿಗೆ 24. ಅದಕ್ಕೂ ಹೆಚ್ಚಿನ ವೇಗ ಇಳಿಜಾರಿನಲ್ಲಿ ತಾನಾಗಿಯೇ ಬರುವುದರಿಂದ ಕಾಲನ್ನು ಸುಮ್ಮನೆ ನಿಲ್ಲಿಸಿ ಬ್ರೇಕಿನ ಮೇಲೆ ಕೈಯಿಟ್ಟುಕೊಂಡರಾಯಿತು. ಫ್ರೀವೀಲು ಇರುವುದೇ ಅದಕ್ಕೆ.

ದೊಡ್ಡ ಹಲ್ಲಿನ ಬೈಸಿಕಲ್ಲೇ ಬೇಗ ಮುಟ್ಟುವುದೆಂಬ ನನ್ನ ಹಿಂದಿನ ಭ್ರಮೆಗೆ ಉತ್ತರವು ಇಲ್ಲಿತ್ತು. ಹಿಂದೆ ಅವಳು 12 ಕಿಲೋಮೀಟರಿನಲ್ಲಿ 4 ಕಿಲೋಮೀಟರು ತಳ್ಳುತ್ತಿದ್ದಳು. ತಳ್ಳಿಕೊಂಡು ನಡೆದರೆ ಅದಕ್ಕೇ ಒಂದು ಗಂಟೆ. ಉಳಿದ 8ಕ್ಕೆ ಇನ್ನರ್ಧ ಗಂಟೆ. ಐದು ಗಂಟೆಗೆ ವಿಶೇಷ ತರಗತಿ ಮುಗಿಸಿ ಹೊರಟರೆ ಮನೆ ಸೇರುವಾಗ ಆರೂವರೆ ಮೀರುತ್ತಿತ್ತು; ನವೆಂಬರಿನಲ್ಲಿ ಅದು ಕಗ್ಗತ್ತಲೆ. ನಿಧಾನದ ಹಲ್ಲಿನಲ್ಲಿ ಇಳಿಯದೆ ತುಳಿದುಕೊಂಡು ಹೋದಾಗ ಒಟ್ಟು 55 ನಿಮಿಷ. ಆರಕ್ಕೆ ಐದು ನಿಮಿಷವಿರುವಾಗ, ಇನ್ನೂ ಪಡುವಣದಲ್ಲಿ ಬೆಳಕಿರುವಾಗಲೇ, ಅವಳು ಮನೆಯ ಬಾಗಿಲಲ್ಲಿರುತ್ತಿದ್ದಳು.

22ರ ಫ್ರೀವೀಲನ್ನೇ ಉಳಿಸಿಕೊಂಡೆವು. ಡಿಸೆಂಬರಿನ ಮೊದಲ ವಾರದಿಂದ ಅವಳು ವಿಶೇಷ ತರಗತಿಗೆ ಬಂದು ಕುಳಿತಳು. ಎಲ್ಲರ ಮುಂದೆ ಗದರಿಸಿದ್ದಕ್ಕೆ ನಾನು ಎಲ್ಲರ ಮುಂದೆಯೇ ಕ್ಷಮೆ ಕೇಳಿದೆನು. ಅವಳಿಗೆ ಅದರಿಂದ ನಾಚಿಕೆಯಾಯಿತೇ ಹೊರತು ಬೇರೇನೂ ಆದಂತೆ ತೋರಲಿಲ್ಲ. ಮಾರ್ಚಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ತೇರ್ಗಡೆಯಾದಳು, ಹೆಚ್ಚಿನ ಅಂಕಗಳೇನೂ ಬರಲಿಲ್ಲ. ಈಗ ಅದೇ ಬೈಸಿಕಲ್ಲಿನಲ್ಲಿ, ಸೀಟನ್ನು ಎರಡು ಅಂಗುಲ ಇಳಿಸಿಕೊಂಡು, ಅವಳ ತಂಗಿಯು ಬರುತ್ತಿದ್ದಾಳೆ.

ಆ ವರ್ಷದಿಂದ ಶಾಲೆಯಲ್ಲಿ ಬೈಸಿಕಲ್ಲು ಕಟ್ಟಿಸುವಾಗ ಹುಡುಗಿಯ ಹೆಸರಿನ ಮುಂದೆ ಅವಳ ಊರು, ಸಂಜೆಯ ದಾರಿಯಲ್ಲಿ ಅತ್ಯಂತ ಕಷ್ಟದ ಏರು, ಅವಳ ತೂಕ ಇವನ್ನು ಬರೆದುಕೊಂಡು ಆಮೇಲೆ ಹಲ್ಲುಗಳನ್ನು ಆರಿಸುತ್ತೇವೆ. ಊರೊಳಗಿನವರಿಗೆ 44ಕ್ಕೆ 18 ಚೆನ್ನಾಗಿಯೇ ಒದಗುತ್ತದೆ. ಬೆಟ್ಟದ ಕಡೆಯವರಿಗೆ 22. ನಡುವಿನವರಿಗೆ 20. ಅನುಮಾನ ಬಂದಲ್ಲಿ ಹಗುರವಾದುದನ್ನೇ ಹಾಕಿಸುತ್ತೇನೆ. ಹಗುರವಾದ ಹಲ್ಲಿನಿಂದ ಆಗುವ ನಷ್ಟವು ಕೆಲವು ನಿಮಿಷಗಳು ಮಾತ್ರ.

ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಬಳಸದೆ ಬಿದ್ದಿರುವ ಬೈಸಿಕಲ್ಲುಗಳಿದ್ದರೆ, ಫ್ರೇಮಾಗಲಿ ಗಾಲಿಯಾಗಲಿ ಬಿಡಿಬಿಡಿಯಾಗಿದ್ದರೂ, ವಾರ್ಷಿಕೋತ್ಸವಕ್ಕೆ ಬರುವಾಗ ಶಾಲೆಗೆ ತಂದುಕೊಡಬೇಕೆಂದು ಬೇಡುತ್ತೇನೆ. 20 ಮತ್ತು 22 ಹಲ್ಲಿನ ಫ್ರೀವೀಲುಗಳು ನಮಗೆ ವಿಶೇಷವಾಗಿ ಬೇಕಾಗಿವೆ. ಪೂರ್ತಿ ಚೈನ್ ಕವರುಗಳೂ ಅಷ್ಟೇ ಬೇಕು. ತರುವ ಮೊದಲು ಮುಂದಿನ ಹಲ್ಲುಗಳನ್ನೂ ಹಿಂದಿನ ಹಲ್ಲುಗಳನ್ನೂ ಎಣಿಸಿ, ಒಂದು ಚೀಟಿಯ ಮೇಲೆ ಬರೆದು ಸೀಟಿಗೆ ಕಟ್ಟಿರಿ. ಎಣಿಸಲು ಮೊದಲು ಮಾಡುವ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿರಿ. ಇಲ್ಲವಾದರೆ ಒಂದೇ ಹಲ್ಲು ಎರಡು ಸಾರಿ ಎಣಿಕೆಗೆ ಬರುವುದು.